ದಾದಿ ಜೇನಿನ ತಲೆಯೊಳಗಿನ ಕಡತ

ಜೇನುಪೆಟ್ಟಿಗೆಯ ಮುಚ್ಚಳ ತೆಗೆದು, ಒಂದು ಎರಿಯನ್ನು ಮೆಲ್ಲನೆ ಮೇಲೆತ್ತಿ ನೋಡಿದರೆ ಅಲ್ಲೊಂದು ಊರೇ ಕಾಣುತ್ತದೆ. ಒಂದು ನೊಣ ಖಾಲಿ ಕೋಣೆಯನ್ನು ಗುಡಿಸಿ ಒರೆಸುತ್ತಿರುತ್ತದೆ. ಇನ್ನೊಂದು ಮರಿಹುಳುವಿಗೆ ತುತ್ತುಣಿಸುತ್ತಿರುತ್ತದೆ. ಮತ್ತೊಂದು ಮೇಣ ಮಿದ್ದು ಗೋಡೆ ಕಟ್ಟುತ್ತದೆ, ಮಗದೊಂದು ಬಾಗಿಲಲ್ಲಿ ಕಾವಲು ನಿಂತಿರುತ್ತದೆ. ಇವೆಲ್ಲದರ ನಡುವೆ ದೂರದ ಹೂವಿನಿಂದ ಮಕರಂದ ಹೀರಿ, ಕಾಲಿಗೆ ಪರಾಗದ ಉಂಡೆ ಕಟ್ಟಿಕೊಂಡು ದಣಿದು ಬಂದಿಳಿಯುವ ದುಡಿಮೆಗಾರರ ಸಾಲು. ಸಾವಿರಾರು ನೊಣಗಳ ಈ ಊರಿನಲ್ಲಿ ಎಲ್ಲವೂ ಒಂದೇ ತಾಯಿಯ ಹೆಣ್ಣುಮಕ್ಕಳು.

ಸೋಜಿಗವೆಂದರೆ, ಇಲ್ಲಿ ಯಾರೂ ಹುಟ್ಟಿನಿಂದ ಜಾಡಮಾಲಿಯಲ್ಲ, ಯಾರೂ ಹುಟ್ಟಿನಿಂದ ದಾದಿಯಲ್ಲ. ಕೋಣೆಯಿಂದ ಹೊರಬಿದ್ದ ಕೆಲಸಗಾರ ಜೇನು ಮೊದಲ ಕೆಲವು ದಿನ ಕಸ ಗುಡಿಸುತ್ತದೆ. ಬಳಿಕ ದಾದಿಯಾಗುತ್ತದೆ. ಸುಮಾರು ಮೂರು ವಾರ ತುಂಬುವ ಹೊತ್ತಿಗೆ ಮನೆಗೆಲಸಕ್ಕೆಲ್ಲ ಶರಣು ಹೊಡೆದು ಹೊರಗೆ ಹಾರುತ್ತದೆ. ಅಲ್ಲಿಂದ ಮುಂದೆ ಸಾಯುವ ತನಕ ಮೇವು ತರುವುದೇ ಕಾಯಕ. ಹಾಗಿದ್ದರೆ ನಿನ್ನೆಯವರೆಗೆ ಕತ್ತಲಲ್ಲಿ ಮರಿ ಸಾಕುತ್ತಿದ್ದ ಈ ಜೀವಕ್ಕೆ ‘ನಾಳೆಯಿಂದ ನೀನು ಹೊಲಕ್ಕೆ ಹೋಗು’ ಎಂದು ವರ್ಗಾವಣೆಯ ಆದೇಶ ಕೊಟ್ಟವರು ಯಾರು? ರಾಣಿಯಂತೂ ಅಲ್ಲ. ರಾಣಿ ಎಂಬುದು ಹೆಸರಿಗಷ್ಟೇ. ಅವಳು ಮೊಟ್ಟೆಯಿಡುವ ಯಂತ್ರ. ಆದೇಶ ಎಲ್ಲಿಂದಲೇ ಬರಲಿ, ಅದನ್ನು ಪಾಲಿಸಬೇಕಾದದ್ದು ಎಳ್ಳಿನ ಕಾಳಿಗಿಂತ ಚಿಕ್ಕದಾದ, ಸುಮಾರು ಹತ್ತು ಲಕ್ಷ ನರಕೋಶಗಳಿರುವ ಆ ನೊಣದ ಮಿದುಳು. ಅದರೊಳಗೆ ಆಗ ಏನೋ ಬದಲಾಗಲೇಬೇಕು. ಏನದು?

ವಂಶವಾಹಿಗಳು ಬದಲಾಗುತ್ತವೆಯೇ? ಇಲ್ಲ. ದಾದಿಯಾಗಿದ್ದಾಗಲೂ ಮೇವು ತರುವಾಗಲೂ ಆ ಜೇನಿನ ಜೀವಕೋಶಗಳಲ್ಲಿ ಇರುವುದು ಅದೇ ಡಿಎನ್‌ಎ, ಅವೇ ಜೀನ್‌ಗಳು. ಬದಲಾಗುವುದು ಅವುಗಳಲ್ಲಿ ಯಾವುದು ಎಷ್ಟು ಚುರುಕಾಗಿದೆ ಎಂಬುದು. ತಾಲ್ಲೂಕು ಕಚೇರಿಯನ್ನು ನೆನಪಿಸಿಕೊಳ್ಳಿ. ಅಲ್ಲಿನ ದಾಖಲೆ ಕೊಠಡಿಯಲ್ಲಿ ಊರಿನ ಎಲ್ಲ ಜಮೀನುಗಳ ಮೂಲ ಕಡತಗಳಿರುತ್ತವೆ. ಮೂಲ ಕಡತ ಎಂದೂ ಹೊರಗೆ ಬರುವುದಿಲ್ಲ. ಬೇಕಾದವರಿಗೆ ನಕಲು ಸಿಗುತ್ತದೆ. ಯಾವ ಸರ್ವೆ ನಂಬರಿನ ನಕಲು ಹೆಚ್ಚು ಹೆಚ್ಚು ಹೊರಬೀಳುತ್ತಿದೆಯೋ ಅಲ್ಲಿ ಏನೋ ವ್ಯವಹಾರ ನಡೆದಿದೆ ಎಂದೇ ಅರ್ಥ. ಜೀವಕೋಶದಲ್ಲೂ ಡಿಎನ್‌ಎ ಎಂಬ ಮೂಲ ಕಡತ ಕೋಶಕೇಂದ್ರ ಬಿಟ್ಟು ಕದಲುವುದಿಲ್ಲ. ಆರ್‌ಎನ್‌ಎ ಎಂಬ ನಕಲು ಹೊರಬಂದು, ಅದರಲ್ಲಿ ಬರೆದಂತೆ ಪ್ರೋಟೀನು ತಯಾರಾಗುತ್ತದೆ. ಯಾವ ಜೀನ್‌ನ ನಕಲು ಎಷ್ಟಿದೆ ಎಂದು ಎಣಿಸಿದರೆ ಆ ಕೋಶ ಈಗ ಯಾವ ಕೆಲಸದಲ್ಲಿ ತೊಡಗಿದೆ ಎಂಬುದರ ಸುಳಿವು ಸಿಗುತ್ತದೆ. ಇದನ್ನೇ ವಿಜ್ಞಾನಿಗಳು ಜೀನ್‌ಗಳ ಅಭಿವ್ಯಕ್ತಿ ಎನ್ನುತ್ತಾರೆ.

ಎಣಿಸಿದರಾಯಿತಲ್ಲ ಎನ್ನಬಹುದು. ತೊಡಕು ಇರುವುದೇ ಅಲ್ಲಿ. ಎಣಿಸಬೇಕಾದರೆ ಮೊದಲು ಕಡತದ ನಂಬರು ಗೊತ್ತಿರಬೇಕು. ಹಣ್ಣಿನ ನೊಣದ ವಿಷಯದಲ್ಲಿ ಅದೆಲ್ಲ ಗೊತ್ತಿತ್ತು. ಕೊಳೆತ ಬಾಳೆಹಣ್ಣಿನ ಮೇಲೆ ಮುತ್ತುವ ಆ ಡ್ರೋಸೊಫಿಲಾವನ್ನು 1910ರಲ್ಲಿ ಥಾಮಸ್ ಹಂಟ್ ಮಾರ್ಗನ್ ಬಿಳಿಗಣ್ಣಿನ ತಳಿಯ ಮೂಲಕ ಪ್ರಸಿದ್ಧಿಗೆ ತಂದಂದಿನಿಂದ ಅದು ಪ್ರಯೋಗಾಲಯದ ಮುದ್ದಿನ ಕೂಸು. ಬಾಟಲಿಯಲ್ಲಿ ಬೆಳೆಯುತ್ತದೆ, ಹತ್ತು ಹನ್ನೆರಡು ದಿನಕ್ಕೊಂದು ತಲೆಮಾರು, ಬೇಕಾದ ಗಂಡಿಗೆ ಬೇಕಾದ ಹೆಣ್ಣನ್ನು ಜೋಡಿಸಬಹುದು, ಒಂದು ಜೀನ್ ಕೆಡಿಸಿ ಪರಿಣಾಮ ನೋಡಬಹುದು. ಇಲಿಯೂ ಹಾಗೆಯೇ. ಜೇನು ಇಂಥ ಯಾವುದಕ್ಕೂ ಬಗ್ಗುವುದಿಲ್ಲ. ರಾಣಿ ಆಕಾಶದಲ್ಲಿ ಹಾರುತ್ತಲೇ ಹತ್ತಾರು ಗಂಡುಗಳೊಂದಿಗೆ ಕೂಡುತ್ತಾಳೆ. ಕನ್ಯಾದಾನ ಮಾಡುವ ಅವಕಾಶ ವಿಜ್ಞಾನಿಗಿಲ್ಲ. ಕೃತಕ ಗರ್ಭಧಾರಣೆ ಸಾಧ್ಯವಿದ್ದರೂ ಅದು ನಾಜೂಕಿನ ಕಸುಬು. ಒಂದು ವಿಕೃತ ತಳಿಯನ್ನು ಉಳಿಸಿಕೊಳ್ಳಬೇಕೆಂದರೆ ಒಂದು ಬಾಟಲಿ ಸಾಲದು, ಇಡೀ ಕುಟುಂಬವನ್ನೇ ಸಾಕಬೇಕು. ಒಂಟಿ ಜೇನನ್ನು ಬಾಟಲಿಗೆ ಹಾಕಿದರೆ ಅದರ ಸಹಜ ಬದುಕೇ ಅಲ್ಲಿಗೆ ಮುಗಿಯಿತು. ಯಾವ ವರ್ತನೆಯನ್ನು ಅರಿಯಬೇಕಿತ್ತೋ ಆ ವರ್ತನೆಯೇ ಮಾಯ.

ಆದ್ದರಿಂದ ಜೇನಿನ ನೃತ್ಯದ ಭಾಷೆಯನ್ನು ಬಿಡಿಸಿದ ಕಾರ್ಲ್ ಫಾನ್ ಫ್ರಿಶ್ ಅವರಿಗೆ 1973ರಲ್ಲಿ ನೊಬೆಲ್ ಬಂದರೂ, ಕುಣಿಯುವ ಆ ತಲೆಯೊಳಗಿನ ಜೀನ್‌ಗಳ ವಿಚಾರ ಕತ್ತಲಲ್ಲೇ ಉಳಿದಿತ್ತು. ಅದರೊಳಗೆ ಕೈಹಾಕಿದವರಲ್ಲಿ ಪ್ರಮುಖರು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಜೀನ್ ರಾಬಿನ್ಸನ್. ಹೆಸರಿನಲ್ಲೇ ಜೀನ್ ಇದೆ ಎಂಬುದು ಕಾಕತಾಳೀಯ. ಅವರ ತಂಡ ಹಿಡಿದದ್ದು ಸಾಲದ ದಾರಿ. ಸ್ವಂತ ಉಪಕರಣ ಇಲ್ಲದಿದ್ದರೆ ನೆರೆಮನೆಯಿಂದ ತರುವುದು.

ಕನ್ನಡ ಮಾತ್ರ ಬಲ್ಲವರು ಆಂಧ್ರದ ಬಸ್ ನಿಲ್ದಾಣದಲ್ಲಿ ಇಳಿದರೆ ಫಲಕಗಳನ್ನು ಪೂರ್ತಿ ಓದಲಾಗದು. ಆದರೂ ಅಕ್ಷರಗಳ ಗುಂಡು ಗುಂಡು ರೂಪ, ಅಲ್ಲೊಂದು ‘ನ’, ಇಲ್ಲೊಂದು ‘ರ’ ಹಿಡಿದು ಊರಿನ ಹೆಸರನ್ನು ಊಹಿಸಿಬಿಡುತ್ತಾರೆ. ಜೀನ್‌ಗಳಲ್ಲೂ ಹೀಗೆಯೇ. ಹಣ್ಣಿನ ನೊಣದ ಪೂರ್ವಜರೂ ಜೇನಿನ ಪೂರ್ವಜರೂ ಬೇರೆಯಾಗಿ ಕೋಟ್ಯಂತರ ವರ್ಷಗಳೇ ಕಳೆದಿದ್ದರೂ, ತೀರಾ ಮುಖ್ಯವಾದ ಜೀನ್‌ಗಳಲ್ಲಿ ಕೆಲವು ಸಾಲುಗಳು ಹೆಚ್ಚು ಬದಲಾಗದೆ ಉಳಿದುಕೊಂಡಿವೆ. ನೊಣದಲ್ಲಿ ಗೊತ್ತಿರುವ ಆ ಸಾಲನ್ನು ಗಾಳದಂತೆ ಬಿಟ್ಟು ಜೇನಿನ ಆರ್‌ಎನ್‌ಎ ಕೊಳದಿಂದ ಅದರ ಸೋದರ ಸಂಬಂಧಿಯನ್ನು ಹಿಡಿದೆಳೆಯಬಹುದು. ಸಿಕ್ಕ ತುಣುಕನ್ನು ಪಿಸಿಆರ್ ಎಂಬ ವಿಧಾನದಿಂದ ಲಕ್ಷಾಂತರ ಪಟ್ಟು ಹೆಚ್ಚಿಸಿ, ಅದರ ಪ್ರಮಾಣವನ್ನೂ ಅಳೆಯಬಹುದು.

ಮೊದಲ ಸಾಲ ‘ಪಿರಿಯಡ್’ ಎಂಬ ಜೀನ್. ಹಗಲು ರಾತ್ರಿಗಳ ಲಯ ಕಾಯುವ ದೇಹದ ಗಡಿಯಾರದ ಒಂದು ಚಕ್ರ ಅದು. ರೊನಾಲ್ಡ್ ಕೊನೊಪ್ಕಾ ಮತ್ತು ಸೀಮೋರ್ ಬೆಂಜರ್ 1971ರಲ್ಲಿ ಹಣ್ಣಿನ ನೊಣದಲ್ಲಿ ಕಂಡುಹಿಡಿದದ್ದು. ಗೂಡಿನೊಳಗಿನ ದಾದಿ ಜೇನಿಗೆ ಹಗಲಿಲ್ಲ, ಇರುಳಿಲ್ಲ. ಹಸಿದ ಮರಿಗೆ ಗಡಿಯಾರ ಗೊತ್ತಿಲ್ಲವಲ್ಲ. ಹೊರಗೆ ಹೋಗುವ ಜೇನಿಗೆ ಮಾತ್ರ ಹೊತ್ತಿನ ಅರಿವು ಬೇಕೇಬೇಕು. ಯಾವ ಹೂವು ಯಾವ ಹೊತ್ತಿಗೆ ಅರಳುತ್ತದೆ, ಸೂರ್ಯ ಎಷ್ಟು ಸರಿದಿದ್ದಾನೆ ಎಂಬುದೆಲ್ಲ ಅದಕ್ಕೆ ಲೆಕ್ಕ. 2000ದಲ್ಲಿ ಇಲಿನಾಯ್ ತಂಡ ಪ್ರಕಟಿಸಿದ ವರದಿಯ ಪ್ರಕಾರ ಎಳೆಯ ಮನೆಗೆಲಸದ ಜೇನುಗಳಿಗಿಂತ ಮೇವು ತರುವ ಜೇನುಗಳ ಮಿದುಳಿನಲ್ಲಿ ಈ ಜೀನ್‌ನ ನಕಲುಗಳು ಹೆಚ್ಚಾಗಿದ್ದವು.

ಎರಡನೆಯ ಸಾಲ ಇನ್ನೂ ರಂಜಕವಾದದ್ದು. ಕೆನಡಾದ ಮಾರ್ಲಾ ಸೊಕೊಲೊವ್‌ಸ್ಕಿ ಹಣ್ಣಿನ ನೊಣದ ಮರಿಹುಳುಗಳಲ್ಲಿ ಎರಡು ಜಾತಿಯ ಸ್ವಭಾವ ಇರುವುದನ್ನು ಗಮನಿಸಿದ್ದರು. ಕೆಲವು ಊಟದ ತಟ್ಟೆಯಲ್ಲಿ ಕೂತಲ್ಲೇ ಕೂತು ತಿನ್ನುತ್ತವೆ, ಕೆಲವು ಅಲೆಯುತ್ತಾ ತಿನ್ನುತ್ತವೆ. ಈ ವ್ಯತ್ಯಾಸ ‘ಫೊರೇಜಿಂಗ್’ ಎಂಬ ಒಂದೇ ಒಂದು ಜೀನ್‌ನ ಎರಡು ರೂಪಗಳಿಂದ ಬರುತ್ತದೆ. ಅಲೆಮಾರಿ ನೊಣಗಳಲ್ಲಿ ಅದರ ಚಟುವಟಿಕೆ ಹೆಚ್ಚು. ಮನೆಯಲ್ಲೇ ಕೂರುವ ದಾದಿ ಜೇನಿಗೂ ಊರೂರು ಅಲೆಯುವ ಮೇವಿನ ಜೇನಿಗೂ ಇದೇ ಜೀನ್ ಕಾರಣವಿರಬಹುದೇ ಎಂಬ ಪ್ರಶ್ನೆ ಹುಟ್ಟಿತು. 2002ರಲ್ಲಿ ಯಹೂದಾ ಬೆನ್-ಶಹರ್, ಸೊಕೊಲೊವ್‌ಸ್ಕಿ, ರಾಬಿನ್ಸನ್ ಮತ್ತಿತರರು ಉತ್ತರ ಕೊಟ್ಟರು. ಹೌದು, ಮೇವಿನ ಜೇನುಗಳ ಮಿದುಳಿನಲ್ಲಿ ಅದರ ನಕಲು ಹೆಚ್ಚು. ನೊಣದಲ್ಲಿ ಹುಟ್ಟಿನಿಂದಲೇ ಇಬ್ಬರನ್ನು ಬೇರೆ ಮಾಡುವ ಜೀನ್, ಜೇನಿನಲ್ಲಿ ಒಂದೇ ಜೀವದ ಬಾಳಿನ ಎರಡು ಹಂತಗಳನ್ನು ಬೇರೆ ಮಾಡುತ್ತಿತ್ತು.

ತಕರಾರು ಎತ್ತುವವರು ಇಲ್ಲೇ ಎತ್ತಬೇಕು. ಮೇವಿನ ಜೇನು ದಾದಿಗಿಂತ ವಯಸ್ಸಿನಲ್ಲಿ ಹಿರಿದಲ್ಲವೇ? ವಯಸ್ಸಾದ ಹಾಗೆ ತಲೆಗೂದಲು ನರೆಯುವಂತೆ ಈ ಜೀನ್ ಕೂಡ ತಾನಾಗಿಯೇ ಏರಿರಬಹುದು. ಕೆಲಸಕ್ಕೂ ಅದಕ್ಕೂ ಸಂಬಂಧವೇ ಇಲ್ಲದಿರಬಹುದು. ಈ ಗಂಟನ್ನು ಬಿಡಿಸಲು ಯಾವ ದುಬಾರಿ ಯಂತ್ರವೂ ಬೇಕಾಗಲಿಲ್ಲ. ಜೇನು ಸಾಕುವವರ ಕೈಚಳಕ ಸಾಕಾಯಿತು. ಒಂದೇ ದಿನ ಹೊರಬಂದ ಸಾವಿರದಷ್ಟು ಎಳೆಯ ಜೇನುಗಳನ್ನು ಒಂದು ರಾಣಿಯೊಂದಿಗೆ ಖಾಲಿ ಪೆಟ್ಟಿಗೆಗೆ ಬಿಟ್ಟರು. ಹಿರಿಯರೇ ಇಲ್ಲದ ಸಂಸಾರ! ದುಡಿದು ತರುವವರು ಬೇಕಲ್ಲ? ಮೂರು ವಾರ ಕಾಯಬೇಕಾದ ಹುಡುಗಿಯರಲ್ಲಿ ಕೆಲವರು ವಾರ ಕಳೆಯುವಷ್ಟರಲ್ಲೇ ಹೊರಗೆ ದುಡಿಮೆಗೆ ಹೊರಟರು. ಅದೇ ಪೆಟ್ಟಿಗೆಯಲ್ಲಿ ಅದೇ ವಯಸ್ಸಿನ ಉಳಿದವರು ದಾದಿಯರಾಗಿ ಉಳಿದರು. ಈ ಅವಳಿ ವಯಸ್ಸಿನವರ ಮಿದುಳನ್ನು ಹೋಲಿಸಿದಾಗಲೂ ಹೊರಗೆ ಹೋದವರಲ್ಲೇ ‘ಫೊರೇಜಿಂಗ್’ ಜೀನ್ ಹೆಚ್ಚು ಚುರುಕಾಗಿತ್ತು. ಅಂದರೆ ಲೆಕ್ಕಕ್ಕೆ ಬಂದದ್ದು ವಯಸ್ಸಲ್ಲ, ವೃತ್ತಿ. ಅಷ್ಟಕ್ಕೇ ನಿಲ್ಲದೆ, ಆ ಜೀನ್ ತಯಾರಿಸುವ ಕಿಣ್ವವನ್ನು ಚುರುಕುಗೊಳಿಸುವ ರಾಸಾಯನಿಕವನ್ನು ಎಳೆಯ ಜೇನುಗಳಿಗೆ ಕೊಟ್ಟು ನೋಡಿದರು. ಅವು ಅವಧಿಗೆ ಮುನ್ನವೇ ಹೊಲದ ದಾರಿ ಹಿಡಿದವು.

ಹಿರಿಯರಿಲ್ಲದ ಮನೆಯಲ್ಲಿ ಕಿರಿಯರು ಬೇಗ ಹೊರಡುತ್ತಾರೆಂದರೆ, ಹಿರಿಯರಿರುವ ಮನೆಯಲ್ಲಿ ಅವರೇ ಕಿರಿಯರನ್ನು ತಡೆಯುತ್ತಿರಬೇಕು. ಅದೂ ನಿಜವಾಯಿತು. ಮೇವಿನ ಜೇನುಗಳಲ್ಲಿರುವ ಎಥೈಲ್ ಓಲಿಯೇಟ್ ಎಂಬ ವಸ್ತು ಎಳೆಯ ಜೇನುಗಳು ಹೊರಹೋಗುವುದನ್ನು ಮುಂದೂಡುತ್ತದೆ ಎಂದು 2004ರಲ್ಲಿ ಗೊತ್ತಾಯಿತು. ದುಡಿಯುವ ಅಕ್ಕಂದಿರು ಸಾಕಷ್ಟಿದ್ದರೆ ‘ನೀನಿನ್ನೂ ಚಿಕ್ಕವಳು, ಮನೆಯಲ್ಲಿರು’ ಎಂಬ ಸಂದೇಶ ಮೈಗೆ ಮೈ ತಾಗಿದಾಗ, ಬಾಯಿಗೆ ಬಾಯಿ ಕೊಟ್ಟಾಗ ದಾಟುತ್ತದೆ. ಅಕ್ಕಂದಿರು ಮಳೆಗೋ ಔಷಧಿ ಸಿಂಪಡಣೆಗೋ ಸಿಕ್ಕಿ ಸತ್ತರೆ ಸಂದೇಶ ಕ್ಷೀಣಿಸುತ್ತದೆ. ತಂಗಿಯರ ತಲೆಯಲ್ಲಿ ಬೇರೆ ಕಡತಗಳು ತೆರೆದುಕೊಳ್ಳುತ್ತವೆ.

ಒಂದೊಂದೇ ಜೀನ್ ಸಾಲ ತರುವುದು ಎಷ್ಟು ದಿನ? ನೆರೆಮನೆಯವರ ಹತ್ತಿರ ಇಲ್ಲದ ಪಾತ್ರೆ ಬೇಕಾದರೆ ಏನು ಮಾಡುವುದು? ರಾಬಿನ್ಸನ್ ತಂಡ ಜೇನಿನ ಮಿದುಳಿನಿಂದ ಆರ್‌ಎನ್‌ಎ ತೆಗೆದು, ಅವುಗಳಿಂದ ಸುಮಾರು 20,000 ತುಣುಕುಗಳ ಭಂಡಾರವನ್ನೇ ಕಟ್ಟಿತು. ಪೂರ್ತಿ ಪುಸ್ತಕ ಸಿಗದಿದ್ದರೆ ಹರಿದ ಹಾಳೆಗಳನ್ನಾದರೂ ಒಟ್ಟುಮಾಡೋಣ ಎಂಬ ಹಟ. ಆ ಹಾಳೆಗಳನ್ನು ಗಾಜಿನ ಪಟ್ಟಿಯ ಮೇಲೆ ಚುಕ್ಕಿ ಚುಕ್ಕಿಯಾಗಿ ಇಟ್ಟು, ಒಂದೊಂದು ಜೇನಿನ ಮಿದುಳಿನ ಆರ್‌ಎನ್‌ಎಗೆ ಬಣ್ಣ ಕಟ್ಟಿ ಅದರ ಮೇಲೆ ಹರಿಸಿದರು. ಯಾವ ಚುಕ್ಕಿ ಎಷ್ಟು ಹೊಳೆಯಿತೋ ಆ ಜೀನ್ ಅಷ್ಟು ಚುರುಕು. 2003ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಫಲಿತಾಂಶ ಹಲವರನ್ನು ಬೆರಗುಗೊಳಿಸಿತು. ಪರೀಕ್ಷಿಸಿದ ಸುಮಾರು 5,500 ಜೀನ್‌ಗಳ ಪೈಕಿ ಶೇಕಡಾ 39ರಷ್ಟರಲ್ಲಿ ದಾದಿಗೂ ಮೇವಿನ ಜೇನಿಗೂ ವ್ಯತ್ಯಾಸವಿತ್ತು. ಜೇನನ್ನು ನೋಡದೆ ಬರೀ ಚುಕ್ಕಿಗಳನ್ನು ನೋಡಿ ‘ಇದು ದಾದಿ, ಇದು ದುಡಿಮೆಗಾರ’ ಎಂದು ಹೇಳಲು ಹೊರಟರೆ 60ರಲ್ಲಿ 57 ಸಲ ಸರಿಯಾಗುತ್ತಿತ್ತು. ಹಸ್ತಸಾಮುದ್ರಿಕದವರು ನಾಚಬೇಕು.

ಆದರೆ ಹೊಳೆಯುವ ಚುಕ್ಕಿಯನ್ನೆಲ್ಲ ಕಾರಣವೆಂದು ನಂಬುವಂತಿಲ್ಲ. ಮದುವೆ ಮನೆಯಲ್ಲಿ ಓಲಗ ಜೋರಾಗಿರುತ್ತದೆ. ಹಾಗೆಂದು ಓಲಗದಿಂದಲೇ ಮದುವೆಯಾಯಿತು ಎನ್ನಲಾದೀತೇ? ಹಾರಾಟದ ಆಯಾಸದಿಂದ, ಬಿಸಿಲಿನಿಂದ, ಬೇರೆ ಆಹಾರದಿಂದಲೂ ಜೀನ್‌ಗಳು ಏರಿಳಿಯುತ್ತವೆ. ಬೆಳಗ್ಗೆ ಹಿಡಿದ ಜೇನಿಗೂ ಸಂಜೆ ಹಿಡಿದ ಜೇನಿಗೂ ವ್ಯತ್ಯಾಸ ಇರುತ್ತದೆ. ಆರ್‌ಎನ್‌ಎ ಮಹಾ ಅಲ್ಪಾಯುಷಿ ಬೇರೆ. ಹಿಡಿದ ಕ್ಷಣವೇ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸದಿದ್ದರೆ ನಕಲು ಹರಿದು ಚೂರಾಗುತ್ತದೆ. ಬರಿಗೈಯಲ್ಲಿ ಮುಟ್ಟಿದರೆ ನಮ್ಮ ಚರ್ಮದ ಕಿಣ್ವವೇ ಅದನ್ನು ತಿಂದುಹಾಕುತ್ತದೆ. ಇಡೀ ಮಿದುಳನ್ನು ಅರೆದು ಎಣಿಸುವುದಂತೂ ಬಾಳೆಲೆಯ ಊಟವನ್ನೆಲ್ಲ ಒಟ್ಟಿಗೆ ರುಬ್ಬಿ ಉಪ್ಪು ಎಷ್ಟಿದೆ ನೋಡಿದ ಹಾಗೆ. ಉಪ್ಪು ಸಾರಿನದೋ ಉಪ್ಪಿನಕಾಯಿಯದೋ ತಿಳಿಯುವುದಿಲ್ಲ.

ಕಾರಣವನ್ನು ಸಾಬೀತು ಮಾಡಬೇಕಾದರೆ ಒಂದು ಜೀನ್‌ನ ಬಾಯಿ ಮುಚ್ಚಿಸಿ ನೋಡಬೇಕು. ನೊಣದಲ್ಲಾದರೆ ತಳಿಯನ್ನೇ ಬೆಳೆಸಬಹುದಿತ್ತು. ಜೇನಿನ ಪಾಲಿಗೆ ಆಪದ್ಬಾಂಧವನಾಗಿ ಬಂದದ್ದು ‘ಆರ್‌ಎನ್‌ಎ ಅಡ್ಡಿ’ ಎಂಬ ತಂತ್ರ. ಒಂದು ಜೀನ್‌ಗೆ ಹೊಂದುವ ಎರಡೆಳೆಯ ಆರ್‌ಎನ್‌ಎಯನ್ನು ದೇಹಕ್ಕೆ ಸೇರಿಸಿದರೆ ಆ ಜೀನ್‌ನ ನಕಲುಗಳನ್ನು ಜೀವಕೋಶವೇ ಹುಡುಕಿ ನಾಶ ಮಾಡುತ್ತದೆ. ಆಂಡ್ರೂ ಫೈರ್ ಮತ್ತು ಕ್ರೇಗ್ ಮೆಲ್ಲೊ 1998ರಲ್ಲಿ ಪುಟ್ಟ ದುಂಡುಹುಳುವಿನಲ್ಲಿ ತೋರಿಸಿಕೊಟ್ಟ ಈ ವಿದ್ಯೆಗೆ 2006ರಲ್ಲಿ ನೊಬೆಲ್ ದಕ್ಕಿತು. ತಳಿ ಬೆಳೆಸುವ ಗೋಜಿಲ್ಲ, ಒಂದು ಚುಚ್ಚುಮದ್ದು ಸಾಕು.

ಗ್ರೋ ಆಮ್ದಾಮ್ ಮತ್ತು ಸಂಗಡಿಗರು ಇದನ್ನು ವಿಟೆಲ್ಲೊಜೆನಿನ್ ಎಂಬ ಪ್ರೋಟೀನಿನ ಮೇಲೆ ಪ್ರಯೋಗಿಸಿದರು. ಬೇರೆ ಕೀಟಗಳಲ್ಲಿ ಇದು ಮೊಟ್ಟೆಯ ಬಂಡಾರಕ್ಕೆ ಹೋಗುವ ಸತ್ವ. ಮೊಟ್ಟೆಯಿಡದ ಕೆಲಸಗಾರ ಜೇನಿನಲ್ಲಿ ಅದು ಮರಿಗಳ ಊಟವಾಗಿ ಬದಲಾಗುತ್ತದೆ. ದಾದಿಯಲ್ಲಿ ಹೇರಳ, ಮೇವಿನ ಜೇನಿನಲ್ಲಿ ಕಡಿಮೆ. ಇದನ್ನು ಅಡಗಿಸಿದ ಜೇನುಗಳು ಬೇಗನೆ ಮನೆ ಬಿಟ್ಟು ದುಡಿಮೆಗೆ ಹೊರಟವು, ಬೇಗನೆ ಸತ್ತವು ಎಂದು 2007ರಲ್ಲಿ ವರದಿಯಾಯಿತು. ಮರುವರ್ಷ ಆಸ್ಟ್ರೇಲಿಯಾದ ರಿಷಾರ್ಡ್ ಮಲೇಶ್ಕಾ ಅವರ ತಂಡ ಇನ್ನೂ ದೊಡ್ಡ ಬಾಗಿಲು ತಟ್ಟಿತು. ರಾಣಿಯಾಗುವ ಮರಿಗೂ ಕೆಲಸಗಾರಳಾಗುವ ಮರಿಗೂ ಡಿಎನ್‌ಎಯಲ್ಲಿ ಭೇದವಿಲ್ಲ, ಭೇದ ಊಟದಲ್ಲಿ. ರಾಯಲ್ ಜೆಲ್ಲಿಯನ್ನು ಕೊನೆಯತನಕ ಉಂಡದ್ದು ರಾಣಿ. ಡಿಎನ್‌ಎ ಮೇಲೆ ‘ಈ ಕಡತಕ್ಕೆ ಮುದ್ರೆ’ ಎಂದು ರಾಸಾಯನಿಕ ಗುರುತು ಹಾಕುವ ಒಂದು ಕಿಣ್ವದ ಜೀನ್ ಅನ್ನು ಮರಿಹುಳುಗಳಲ್ಲಿ ಅಡಗಿಸಿದಾಗ ಹೆಚ್ಚಿನವು ಬಲಿತ ಅಂಡಾಶಯವುಳ್ಳ ರಾಣಿಗಳಾಗಿಯೇ ಹೊರಬಂದವು! ಹುಟ್ಟಿನ ಹಿರಿಮೆ ಎಂದುಕೊಂಡದ್ದು ತುತ್ತಿನ ಮಹಿಮೆಯಾಗಿತ್ತು.

ವೃತ್ತಿಯೂ ಕಲ್ಲಿನಲ್ಲಿ ಕೆತ್ತಿದ್ದಲ್ಲ. ಗೂಡಿನ ದಾದಿಯರನ್ನೆಲ್ಲ ತೆಗೆದುಬಿಟ್ಟರೆ ಮೇವಿಗೆ ಹೋಗುತ್ತಿದ್ದವರಲ್ಲಿ ಕೆಲವರು ಮರಳಿ ತೊಟ್ಟಿಲ ಬಳಿಗೆ ಬರುತ್ತಾರೆ. ಹಾಗೆ ಮರಳಿದವರ ಮಿದುಳಿನಲ್ಲಿ ಡಿಎನ್‌ಎ ಮೇಲಿನ ಅಂಥ ಮುದ್ರೆಗಳಲ್ಲಿ ಎಷ್ಟೋ ಹಿಂದಿನ ದಾದಿ ಸ್ಥಿತಿಗೆ ಮರಳಿದ್ದವು ಎಂದು 2012ರಲ್ಲಿ ಗೊತ್ತಾಯಿತು.

ಈ ನಡುವೆ 2006ರಲ್ಲಿ ಯುರೋಪಿಯನ್ ಜೇನಿನ ಇಡೀ ಜೀನೋಮ್ ಪ್ರಕಟವಾಯಿತು. ಮೊದಲು ಎಣಿಸಿದಾಗ ಸಿಕ್ಕಿದ್ದು ಸುಮಾರು 10,000 ಜೀನ್‌ಗಳು. 2014ರ ಮರುಎಣಿಕೆಯಲ್ಲಿ ಅದು 15,000 ದಾಟಿತು. ಮೊದಲ ಸಲ ಅಷ್ಟೊಂದು ಕಣ್ಣು ತಪ್ಪಿಸಿಕೊಂಡಿದ್ದವು. ಅದೇ 2014ರಲ್ಲಿ ಜರ್ಮನಿಯಲ್ಲಿ ಹೊರಗಿನ ಜೀನ್ ಹೊತ್ತ ರಾಣಿ ಜೇನುಗಳೂ ತಯಾರಾದವು. ಆದರೆ ಉಳಿದ ಜೀವಿಗಳ ಪಾಲಿಗೆ ನಿಜವಾದ ಬಿಡುಗಡೆ ತಂದದ್ದು ಆರ್‌ಎನ್‌ಎಯನ್ನೇ ನೇರವಾಗಿ ಸಗಟಾಗಿ ಓದುವ ವಿಧಾನ. 2008ರ ಸುಮಾರಿಗೆ ಬಳಕೆಗೆ ಬಂದ ಇದಕ್ಕೆ ಗಾಳವೂ ಬೇಡ, ಚುಕ್ಕಿಯ ಪಟ್ಟಿಯೂ ಬೇಡ. ಕೋಟ್ಯಂತರ ತುಣುಕುಗಳನ್ನು ಓದಿ, ಅಂಚಿಗೆ ಅಂಚು ಹೊಂದಿಸಿ, ಮೂಲ ಪುಸ್ತಕ ಕಾಣದೆಯೇ ಪುಟಗಳನ್ನು ಜೋಡಿಸುವ ಕಂಪ್ಯೂಟರ್ ವಿಧಾನಗಳು ಬಂದವು. ಹಾಗಾಗಿ ಇಂದು ಯಾವ ಕಾಡಿನ ಯಾವ ಹುಳುವಾದರೂ ಸರಿ, ಅದರ ಕೋಶದ ಮಾತನ್ನು ಕೇಳಿಸಿಕೊಳ್ಳಬಹುದು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲೂ ಆಕ್ಸೆಲ್ ಬ್ರಾಕ್‌ಮನ್ ಅವರ ತಂಡ ಮೇವಿಗೆ ಹೊರಟ ಜೇನಿನ ಮಿದುಳಿನಲ್ಲಿ ಯಾವ ಜೀನ್‌ಗಳು ಎಚ್ಚರಗೊಳ್ಳುತ್ತವೆ ಎಂದು ಅಭ್ಯಾಸ ಮಾಡಿದೆ.

ಇದೆಲ್ಲ ಬುದ್ಧಿವಂತರ ವಿನೋದವಷ್ಟೇ ಎಂದುಕೊಳ್ಳುವವರು 1990ರ ದಶಕದ ಮೊದಲ ವರ್ಷಗಳಲ್ಲಿ ಕೊಡಗು, ದಕ್ಷಿಣ ಕನ್ನಡದ ಜೇನು ಕೃಷಿಕರ ಅಂಗಳ ಹೇಗಿತ್ತೆಂದು ನೆನೆಯಬೇಕು. ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ 1991-92ರ ಹೊತ್ತಿಗೆ ದಕ್ಷಿಣ ಭಾರತಕ್ಕೆ ಬಡಿಯಿತು. ತುಡುವೆಯ ಮರಿಹುಳುಗಳು ನೀರು ತುಂಬಿದ ಚೀಲದಂತೆ ಊದಿ ಕೋಣೆಯಲ್ಲೇ ಸತ್ತವು. ಪೆಟ್ಟಿಗೆಗಳ ಮೇಲೆ ಪೆಟ್ಟಿಗೆಗಳು ಬರಿದಾದವು. ಯಾವ ಮರಿಯ ದೇಹ ವೈರಸ್ಸಿಗೆ ಹೇಗೆ ಎದುರು ನಿಂತಿತು, ಉಳಿದುಕೊಂಡ ಕೆಲವೇ ಕುಟುಂಬಗಳು ಹೇಗೆ ಉಳಿದವು ಎಂದು ಕೇಳಲು ಆಗ ತುಡುವೆಯ ಒಂದು ಕಡತವೂ ಯಾರ ಕೈಯಲ್ಲೂ ಇರಲಿಲ್ಲ. ಅದರ ಜೀನೋಮ್ ಪ್ರಕಟವಾದದ್ದು 2015ರಲ್ಲಿ, ಕೊರಿಯಾದವರಿಂದ.

ಉಪಕರಣ ಇದ್ದಾಗ ಏನಾಗುತ್ತದೆಂಬುದಕ್ಕೂ ಉದಾಹರಣೆಯಿದೆ. ಅಮೆರಿಕದಲ್ಲಿ 2006ರಿಂದ ಜೇನು ಕುಟುಂಬಗಳು ದಿಢೀರನೆ ಮಾಯವಾಗತೊಡಗಿದಾಗ, ಎಲ್ಲರೂ ಕೀಟನಾಶಕದತ್ತಲೋ ಮತ್ತೊಂದರತ್ತಲೋ ಬೆರಳು ತೋರಿಸುತ್ತಿದ್ದರು. 2009ರಲ್ಲಿ ರೋಗಗ್ರಸ್ತ ಜೇನುಗಳ ಕರುಳಿನ ಜೀನ್‌ಗಳನ್ನು ಎಣಿಸಿದವರಿಗೆ ವಿಷ ಅರಗಿಸುವ ಜೀನ್‌ಗಳಲ್ಲಿ ಸ್ಪಷ್ಟ ಗದ್ದಲ ಕಾಣಲಿಲ್ಲ. ಬದಲಿಗೆ ಪ್ರೋಟೀನು ತಯಾರಿಸುವ ಯಂತ್ರದ ಮುರಿದ ತುಂಡುಗಳು ರಾಶಿ ಬಿದ್ದಿದ್ದವು. ಅದು ವೈರಸ್‌ಗಳ ಹಾವಳಿಯತ್ತ ಬೆಟ್ಟುಮಾಡುತ್ತಿತ್ತು. ಅದೇ ಕೊನೆಯ ತೀರ್ಪಲ್ಲ, ಆದರೆ ಊಹೆಯ ಜಾಗದಲ್ಲಿ ಸಾಕ್ಷಿ ಬಂತು. ಇತ್ತ 2010ರಲ್ಲಿ ಚೀನಾದ ಸಂಶೋಧಕರು ತುಡುವೆಯ ಮರಿಗಳಿಗೆ ಎರಡೆಳೆಯ ಆರ್‌ಎನ್‌ಎ ಉಣಿಸಿ, ಅಲ್ಲಿನ ಸ್ಯಾಕ್‌ಬ್ರೂಡ್ ವೈರಸ್ಸನ್ನು ಪ್ರಯೋಗಾಲಯದಲ್ಲಿ ತಡೆದು ತೋರಿಸಿದರು. ದಾದಿಯ ತಲೆಯೊಳಗಿನ ರಹಸ್ಯ ಅರಿಯಲು ಬಳಸಿದ ವಿದ್ಯೆಯೇ ಅವಳ ತೊಟ್ಟಿಲ ಮರಿಯನ್ನು ಕಾಯಲೂ ಬಂದೀತೆಂಬ ಆಸೆ ಚಿಗುರಿತು. ಪ್ರಯೋಗಾಲಯದ ಬಟ್ಟಲಿನಿಂದ ಮಲೆನಾಡಿನ ಪೆಟ್ಟಿಗೆಯವರೆಗಿನ ದಾರಿ ಮಾತ್ರ ಉದ್ದವಾದದ್ದು.

ಲೋಕದಲ್ಲಿ ಹೆಸರಿಟ್ಟು ಗುರುತಿಸಿದ ಕೀಟಗಳೇ ಹತ್ತು ಲಕ್ಷದಷ್ಟಿವೆ. ಅವುಗಳಲ್ಲಿ ಪ್ರಯೋಗಾಲಯದ ಮುದ್ದು ಪಡೆದವು ಬೆರಳೆಣಿಕೆಯಷ್ಟು. ಉಳಿದವು ನಮ್ಮ ಹೂವನ್ನು ಕಾಯಿ ಮಾಡುತ್ತಾ, ನಮ್ಮ ಬೆಳೆಯನ್ನು ತಿನ್ನುತ್ತಾ, ನಮಗೆ ರೋಗ ಹಂಚುತ್ತಾ ತಮ್ಮ ಪಾಡಿಗೆ ಬದುಕಿವೆ. ಅವನ್ನು ಬಾಟಲಿಗೆ ತುಂಬಿ ಪಳಗಿಸುವುದು ಎಂದೂ ಆಗದ ಮಾತು. ಹೊಲದಲ್ಲಿ, ಗೂಡಿನಲ್ಲಿ, ಅವು ಇರುವಲ್ಲೇ ಹೋಗಿ ಕಿವಿಗೊಡುವ ವಿದ್ಯೆ ಈಗ ಕೈಗೆ ಬಂದಿದೆ. ಮುಂದಿನ ಸಲ ತುಡುವೆಗೆ ಕಾಯಿಲೆ ಬಂದಾಗ, ಬರಿದಾದ ಪೆಟ್ಟಿಗೆಯ ಮುಂದೆ ಕೈಚೆಲ್ಲಿ ಕೂರುವ ಮೊದಲು, ಉಳಿದುಕೊಂಡ ಒಂದು ದಾದಿಯನ್ನಾದರೂ ಏನಾಯಿತೆಂದು ಕೇಳಬಹುದು.